ಹುರಿದು ತಿಂದ ಬೀಜ

ಆಗ ನನಗೆ ಇಪ್ಪತ್ತನಾಲ್ಕೋ ಇಪ್ಪತ್ತೈದೋ ವಯಸ್ಸು. ಅದಾಗಿ ಅರವತ್ತು ವರ್ಷ ದಾಟಿತು. ಮೇಲಿನ ಊರುಗಳ ಹೊಲಕ್ಕೆ ನಾಲೆ ನೀರು ಮೊದಲ ಸಲ ಹರಿದ ಬೇಸಿಗೆ ಅದು. ನನಗೆ ಬರವಣಿಗೆ ಅಷ್ಟಕ್ಕಷ್ಟೆ, ಎರಡನೇ ಕ್ಲಾಸಿಗೇ ಶಾಲೆ ಬಿಡಿಸಿದರು. ಸುತ್ತಿ ಬಳಸಿ ಬರೆಯಲು ಬರುವುದಿಲ್ಲ. ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ನಮ್ಮೂರು ಹಳ್ಳದ ದಂಡೆಯ ಮೇಲಿದೆ. ಕೊಕ್ಕನೂರು ಸೀಮೆಯಿಂದ ಇಳಿದು ಬಂದು ಹರಿಹರದ ಹತ್ತಿರ ಹೊಳೆ ಸೇರುವ ಹಳ್ಳ. ಹೊರಗಿನವರು ಅದನ್ನು ನದಿ ಅನ್ನುತ್ತಾರೆ. ನಮಗೆ ಹೊಳೆ ಅಂದರೆ ತುಂಗಭದ್ರೆ, ಇದು ಹಳ್ಳ. ಮಳೆಗಾಲದಲ್ಲಿ ಎಮ್ಮೆಯನ್ನು ಕೊಚ್ಚಿಕೊಂಡು ಹೋಗುವಷ್ಟು ಬರುತ್ತಿತ್ತು. ಸಂಕ್ರಾಂತಿ ಹತ್ತಿರವಾದಂತೆ ಸೀರೆ ಸೆರಗಿನಷ್ಟು ಅಗಲಕ್ಕೆ ಇಳಿದು, ಮಿಕ್ಕದ್ದೆಲ್ಲ ಮರಳು. ಆ ತೆಳ್ಳನೆಯ ನೀರಿಗೆ ನಾವು ಎಳೆ ಅನ್ನುತ್ತಿದ್ದೆವು.

ಆ ಮರಳಿನಲ್ಲಿ ಕರಬೂಜ ಬೆಳೆಯುವುದು ಎರಡೂ ದಂಡೆಯ ಹೆಂಗಸರ ಕೆಲಸ. ಮರಳಿಗೆ ಪಟ್ಟಾ ಇಲ್ಲ, ಕಂದಾಯ ಇಲ್ಲ. ಎಳೆಯ ಈಚೆಗಿನ ಮರಳು ನಮ್ಮೂರಿನದು, ಆಚೆಗಿನದು ಎದುರು ಊರಿನದು. ಪ್ರತಿ ಮಳೆಗಾಲ ಹಳ್ಳವೇ ಎಳೆಯನ್ನು ಬೇರೆ ಕಡೆ ಹಾಕುತ್ತಿತ್ತು. ಒಂದು ವರ್ಷ ನಮಗೆ ಅಗಲ, ಇನ್ನೊಂದು ವರ್ಷ ಅವರಿಗೆ. ಎಳೆಗೆ ಮನುಷ್ಯರು ಸಲಿಕೆ ಹಾಕಬಾರದು ಅನ್ನುವುದೊಂದು ಕಟ್ಟಳೆ. ಅದನ್ನು ಮೀರಿದರೆ ಎರಡು ಊರಿಗೂ ತಲೆ ಒಡೆಯುವ ಜಗಳ ಆಗುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತು.

ಇನ್ನೊಂದು ಕಟ್ಟಳೆ ಬೀಜದ್ದು. ಅದನ್ನು ಸರಿಯಾಗಿ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನಮ್ಮ ಹಣ್ಣಿನ ಬೀಜವನ್ನು ನಾವು ಬಿತ್ತುವಂತಿರಲಿಲ್ಲ. ಬಿತ್ತಿದರೆ ಹಣ್ಣು ಕಹಿಯಾಗುತ್ತದೆ ಎಂದು ನಂಬಿಕೆ. ಪ್ರತಿ ಬೇಸಿಗೆ ದಂಡೆಗೊಂದು ಗುಣಿಯನ್ನು ಬೀಜಕ್ಕೆಂದು ಬಿಟ್ಟು, ಅದರ ಹಣ್ಣನ್ನು ಕುಯ್ಯದೆ ಬಳ್ಳಿ ಒಣಗಿ ತಾನೇ ಕಳಚಿಕೊಳ್ಳುವವರೆಗೂ ಕಾಯುತ್ತಿದ್ದೆವು. ಆ ಬೀಜ ತೊಳೆದು, ಬೂದಿ ಸವರಿ, ಬಟ್ಟೆಯಲ್ಲಿ ಕಟ್ಟಿ ಆಚೆ ದಂಡೆಯವರಿಗೆ ಕೊಡುತ್ತಿದ್ದೆವು. ಅವರದು ನಮಗೆ ಬರುತ್ತಿತ್ತು. ಎಳ್ಳಮಾವಾಸ್ಯೆ ಆದ ಮೇಲೆ ಬಿತ್ತನೆ. ಬಿತ್ತಿ ಮಿಕ್ಕ ಬೀಜವನ್ನು ಮನೆಗೆ ವಾಪಸ್ ಒಯ್ಯುವಂತಿಲ್ಲ. ಅಲ್ಲೇ ಮರಳ ಮೇಲೆ ಮೂರು ಕಲ್ಲು ಹೂಡಿ, ಉಪ್ಪು ಹಾಕಿ ಹುರಿದು, ಎರಡೂ ದಂಡೆಯವರು ಕೂತು ತಿನ್ನಬೇಕು. ಬೇರೆಯವರು ಕೊಟ್ಟ ಬೀಜ ಮಿಗಿಸಿಕೊಳ್ಳುವುದು ಅವರನ್ನು ನಂಬದ ಹಾಗೆ ಎಂದು ನಮ್ಮ ಅತ್ತೆ ಹೇಳುತ್ತಿದ್ದರು.

ಆ ವರ್ಷವೂ ಹುರಿದೆವು. ಆಚೆ ದಂಡೆಯ ಹೆಂಗಸರಲ್ಲಿ ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವಳಾದ ಒಬ್ಬಳಿದ್ದಳು. ನಾನು ಅವಳನ್ನು ಅಕ್ಕ ಅನ್ನುತ್ತಿದ್ದೆ. ಗಟ್ಟಿ ಬಾಯಿಯವಳು. ಬಾಣಲೆ ಕೆದಕುತ್ತಾ ನನ್ನ ಅತ್ತೆಗೆ ಅಂದಳು: "ಏನ್ ದೊಡ್ಡಮ್ಮ, ಈ ಸಲ ಭಾಳ ಮಿಕ್ಕೈತೆ! ನಿಮ್ಮ ಸೊಸಿ ಗುಣಿ ತೋಡಾಕೆ ಮೈ ಬಗ್ಗಿಸಲಿಲ್ಲೇನು?"

"ಬಗ್ಗಿಸ್ಯಾಳೆ ಬಗ್ಗಿಸ್ಯಾಳೆ. ನೀವು ಕೊಟ್ಟಿದ್ದೇ ಹೆಚ್ಚಾತು. ತಿನ್ನು, ಬಾಯಿಗೆ ಕೆಲಸ ಆದ್ರೆ ಮಾತು ಕಡಿಮಿ ಆಗ್ತೈತೆ" ಅಂದರು ಅತ್ತೆ.

ಎಲ್ಲರೂ ನಕ್ಕೆವು. ಬೀಜ ಸೀದ ವಾಸನೆ ಈಗಲೂ ಮೂಗಿನಲ್ಲಿದೆ. ಒಂದು ಬೊಗಸೆಗಿಂತ ಜಾಸ್ತಿಯೇ ಇತ್ತು.

ಗುಣಿ ಕೆಲಸ ಹೇಗಿತ್ತೆಂದರೆ, ಮೊದಲು ಮೊಳಕೈ ಮುಳುಗುವವರೆಗೆ ಮರಳು ತೋಡಬೇಕು. ಕೈಗೆ ತಣ್ಣನೆ ಹಸಿ ಮರಳು ಸಿಕ್ಕಿದರೆ ನಿಲ್ಲಿಸಬೇಕು. ಅದರ ಮೇಲೆ ಹಳೆಯ ಕುರಿಹಿಕ್ಕೆ, ದಂಡೆಯ ಮೆಕ್ಕಲು ಮಣ್ಣು ಕಲಸಿ ತುಂಬಬೇಕು. ಬೀಜವನ್ನು ಸಗಣಿ ನೀರಿನಲ್ಲಿ ನೆನೆಸಿ ಬಟ್ಟೆ ಕಟ್ಟಿ ಒಲೆಯ ಪಕ್ಕ ಇಟ್ಟರೆ ಮೂತಿ ಒಡೆಯುತ್ತದೆ. ಮೂತಿ ಒಡೆದದ್ದನ್ನು ಮಾತ್ರ ಊರುವುದು. ಪಡುವಣ ಕಡೆ ಜೊಂಡಿನ ತಡಿಕೆ ಕಟ್ಟದಿದ್ದರೆ ಗಾಳಿಗೆ ಮರಳು ಹಾರಿ ಸಸಿ ಮುಚ್ಚಿಹೋಗುತ್ತದೆ. ಆಮೇಲೆ ನೀರು. ಮರಳಿನಲ್ಲಿ ಒರತೆ ತೋಡಿಕೊಂಡು, ಕೊಡದಲ್ಲಿ ಮೊಗೆದು, ಒಂದೊಂದು ಗುಣಿಗೂ ಹೊರಬೇಕು. ಬೇರು ಕೆಳಗಿನ ಹಸಿ ಮುಟ್ಟುವವರೆಗೆ ಸೊಂಟಕ್ಕೆ ಬಿಡುವಿಲ್ಲ. ಮುಟ್ಟಿದ ಮೇಲೆ ಬಳ್ಳಿ ತಾನೇ ಕುಡಿದುಕೊಳ್ಳುತ್ತದೆ. ಕುಡಿ ಚಿವುಟುವುದು, ಕಾಯಿಯ ಕೆಳಗೆ ಒಣ ಹುಲ್ಲು ಹಾಕುವುದು, ನರಿ ಕಾಯುವುದು, ಅಷ್ಟೆ.

ಕರಬೂಜದ ಬೇರಿಗೆ ಕೆಳಗಿನ ತಂಪು ಬೇಕು, ಆದರೆ ನೀರಲ್ಲಿ ನಿಲ್ಲಬಾರದು. ನಿಂತರೆ ಕೊಳೆಯುತ್ತದೆ.

ಶಿವರಾತ್ರಿ ಕಳೆದು ಕಾಯಿ ಕೋಳಿಮೊಟ್ಟೆಯಷ್ಟಾಗಿದ್ದವು. ಒಂದು ಬೆಳಗ್ಗೆ ಮನೆಗೆ ನೀರು ತರಲು ಒರತೆಗೆ ಹೋದರೆ ನೀರು ಬಾಯಿಯವರೆಗೆ ಬಂದಿತ್ತು. ದಿನಾ ಒಳಗೆ ಇಳಿದು ಮೊಗೆಯುತ್ತಿದ್ದವಳು ಅವತ್ತು ನಿಂತಲ್ಲೇ ಕೊಡ ಅದ್ದಿದೆ. ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ಅತ್ತೆಯೂ ಬಂದು ನೋಡಿ, "ಗಂಗವ್ವ ಕೈಗೇ ಬಂದಾಳೆ ನೋಡು" ಅಂದು ನೀರು ಮುಟ್ಟಿ ಕಣ್ಣಿಗೊತ್ತಿಕೊಂಡರು. ಯಾಕೆ ಬಂತು ಎಂದು ಇಬ್ಬರೂ ಕೇಳಿಕೊಳ್ಳಲಿಲ್ಲ.

ನಾಲ್ಕಾರು ದಿನ ಕಳೆಯುವುದರೊಳಗೆ ಎಳೆ ಅಗಲವಾಯಿತು. ಮೋಡ ಇಲ್ಲ, ಗುಡುಗು ಇಲ್ಲ, ತಲೆಯ ಮೇಲೆ ಉರಿಬಿಸಿಲು, ಹಳ್ಳ ಮಾತ್ರ ಏರುತ್ತಿತ್ತು. ನೀರು ಕೆಂಪಗಿತ್ತು. ಬೇಸಿಗೆಯಲ್ಲಿ ನಮ್ಮ ಹಳ್ಳದ ನೀರು ಕನ್ನಡಿಯ ಹಾಗೆ ಇರಬೇಕು. ಎಳೆಗೆ ಹತ್ತಿರದ ಗುಣಿಗಳಲ್ಲಿ ಎಲೆ ಹಳದಿಯಾದವು. ನಾನು ಒಂದು ಬಳ್ಳಿ ಕಿತ್ತು ನೋಡಿದೆ. ಬೇರು ಬೆರಳಲ್ಲಿ ಹಿಸುಕಿದರೆ ಲೋಳೆಯಾಗಿ ಬಂತು.

ಅಕ್ಕ ಆಚೆಯಿಂದ ಕೂಗಿದಳು: "ತಂಗೀ, ನಿಮ್ಮ ಕಡೀನೂ ಹಿಂಗೇನಾ?"

"ಹಿಂಗೇ ಅಕ್ಕ. ಇದು ಎಲ್ಲಿಂದ ಬರಾಕತ್ತೈತೆ?"

"ಮ್ಯಾಲೆ ಹೋಗಿ ನೋಡಣ ಬಾ. ಇಲ್ಲಿ ನಿಂತು ಕೂಗಿದ್ರೆ ಅದು ಹೇಳಾಕಿಲ್ಲ."

ಇಬ್ಬರೂ ಹಳ್ಳ ಹಿಡಿದು ಮೇಲಕ್ಕೆ ನಡೆದೆವು. ಕಳೆದ ವರ್ಷ ಜೋಳ ಇದ್ದ ಹೊಲಗಳೆಲ್ಲ ಗದ್ದೆಗಳಾಗಿದ್ದವು. ಎಲ್ಲ ಕಡೆ ಕೆಸರು, ಎತ್ತು, ನಾಟಿಯ ಹೆಂಗಸರು. ಗದ್ದೆಯಿಂದ ಗದ್ದೆಗೆ ನೀರು ಇಳಿದು, ಕೊನೆಯ ಗದ್ದೆಯ ಬದುವಿನಿಂದ ಹಳ್ಳಕ್ಕೆ ಬೀಳುತ್ತಿತ್ತು. ಅಂಥವು ಒಂದಲ್ಲ, ಕಣ್ಣು ಹರಿದಷ್ಟು ದೂರ ಬಿಳಿಯ ಗೆರೆಗಳ ಹಾಗೆ ಕಾಣುತ್ತಿದ್ದವು. ಇನ್ನೂ ಮೇಲೆ ನಾಲೆಯ ಏರಿಯ ಮೇಲೆ ಸೌಡಿ ಸಿಕ್ಕಿದ. ತೂಬು ಎತ್ತಿ ಇಳಿಸುವ ಕೆಲಸದವನಿಗೆ ನಮ್ಮ ಕಡೆ ಸೌಡಿ ಅನ್ನುತ್ತಾರೆ. ಹೊಂಗೆ ಮರದ ಕೆಳಗೆ ಬುತ್ತಿ ಬಿಚ್ಚುತ್ತಿದ್ದ.

"ಅಣ್ಣಾ, ಈ ನೀರು ಸ್ವಲ್ಪ ಕಡಿಮಿ ಮಾಡಾಕೆ ಆಗಲ್ಲೇನು?" ಅಂದಳು ಅಕ್ಕ.

ಅವನು ನಮ್ಮನ್ನು ಮೇಲಿಂದ ಕೆಳಗೆ ನೋಡಿದ. "ಹೋದ ವಾರದಿಂದ ಬಂದೋರೆಲ್ಲ ಜಾಸ್ತಿ ಬಿಡು ಅಂತಾರೆ. ಕಡಿಮಿ ಮಾಡು ಅಂದೋರು ನೀವೇ ಮೊದಲು. ಕೂಡ್ರಿ, ಕೂತು ಮಾತಾಡ್ರಿ."

ನಾವು ಮರಳಿನ ಗುಣಿಗಳ ವಿಷಯ ಹೇಳಿದೆವು. ಅವನು ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಕೇಳಿದ. ಕೆಟ್ಟವನೇನಲ್ಲ.

"ನೋಡವ್ವ, ತೂಬಿನ ತನಕ ನೀರು ನನ್ನ ಮಾತು ಕೇಳ್ತೈತೆ. ತೂಬು ದಾಟಿದ ಮ್ಯಾಲೆ ಗದ್ದಿಯೋರದು. ಅವ್ರಿಗೂ ಹೊಸದು. ನೀರು ಕಟ್ಟೋದು ಹೆಂಗೆ ಅಂತ ಇನ್ನೂ ಬರಲ್ಲ. ಹೆಂಗ್ ಬಂತೋ ಹಂಗೇ ಹಳ್ಳಕ್ಕೆ ಬಿಡ್ತಾರೆ. ಆ ಮರಳು ಯಾರ ಹೆಸರಿಗೈತೆ?"

"ಯಾರ ಹೆಸರಿಗೂ ಇಲ್ಲ."

"ಹಂಗಾದ್ರೆ ಯಾರ ಬೆಳಿ ಹೋತು ಅಂತ ಮ್ಯಾಲಿನೋರಿಗೆ ಹೇಳಲಿ?"

ಸೌಡಿ ಒಂದು ರೊಟ್ಟಿ ನಮ್ಮ ಕಡೆ ನೀಡಿದ. ಬ್ಯಾಡ ಅಂದು ಎದ್ದೆವು.

ವಾಪಸ್ ಬರುವಾಗ ದಾರಿಯಲ್ಲಿ ನಾನು ಕೇಳಿದೆ: "ಅಕ್ಕ, ಈ ವರ್ಷ ಹೋದ್ರೆ ಹೋಗ್ಲಿ. ಮುಂದಿನ ವರ್ಷಕ್ಕೆ ಬೀಜ? ನಿಮ್ಮ ಕಡಿ ಯಾರಾದ್ರೂ ಒಂದು ಹಿಡಿ ಎತ್ತಿಟ್ಟಿರ್ತಾರಲ್ಲ?"

ಅವಳು ನಿಂತುಬಿಟ್ಟಳು. "ನಾವ್ಯಾಕೆ ಇಡ್ತೀವಿ? ನಮ್ಮ ಬೀಜ ನಿಮ್ಮ ತಾವ ಇರ್ತೈತೆ."

"ನಿಮ್ಮದು ಬಿತ್ತಿದ್ವಿ. ಮಿಕ್ಕಿದ್ದು..."

"ಮಿಕ್ಕಿದ್ದು ನಾನೇ ಹುರಿದೆನಲ್ಲೇ" ಅಂದಳು.

ಅಲ್ಲಿಯವರೆಗೆ ನನಗೆ ಹೋಗುವುದು ಒಂದು ಬೇಸಿಗೆಯ ಬೆಳೆ ಅನ್ನಿಸಿತ್ತು. ಆ ದಾರಿಯಲ್ಲಿ ನಿಂತಾಗ ಹಣ್ಣಿನ ಜಾತಿಯೇ ಹೋಗುತ್ತದೆ ಎಂದು ಗೊತ್ತಾಯಿತು. ಪ್ರವಾಹ ಬಂದರೆ ಮಳೆಗಾಲದಲ್ಲಿ ಬರುತ್ತದೆ, ಬೇಸಿಗೆಯಲ್ಲಿ ಎರಡೂ ದಂಡೆ ಒಟ್ಟಿಗೆ ಮುಳುಗಿದ್ದನ್ನು ನಮ್ಮ ಹಿರಿಯರು ಯಾರೂ ಕಂಡಿರಲಿಲ್ಲ. ನಮ್ಮ ಕಟ್ಟಳೆಯಲ್ಲಿ ಅದಕ್ಕೆ ಜಾಗವೇ ಇರಲಿಲ್ಲ.

ಉಳಿದದ್ದು ಎರಡು ಬೀಜದ ಗುಣಿ. ನಮ್ಮದೊಂದು, ಅವರದೊಂದು. ಎರಡೂ ಎಳೆಯಿಂದ ದೂರ ಎತ್ತರದಲ್ಲಿದ್ದವು. ಹಣ್ಣು ಬಲಿಯಲು ಯುಗಾದಿಯವರೆಗಾದರೂ ಬೇಕು.

ಮಾರನೆಯ ದಿನವೇ ನಮ್ಮ ಗುಣಿಯ ಸುತ್ತ ಕಟ್ಟೆ ಹಾಕಲು ನಿಂತೆವು. ಮರಳಿನ ಕಟ್ಟೆ ನೀರು ಮುಟ್ಟಿದ ಕೂಡಲೇ ಜಾರಿತು. ಜಾಲಿಮುಳ್ಳು ಹಾಸಿ ಅದರ ಮೇಲೆ ಜೊಂಡು, ಜೊಂಡಿನ ಮೇಲೆ ಮರಳು ಹಾಕಿದೆವು. ನಿಂತಿತು. ಒಳಗೆ ನೋಡಿದರೆ ಕೆಳಗಿನಿಂದ ಒಸರುತ್ತಿತ್ತು. ದಂಡೆಯ ಮೇಲಿನಿಂದ ಎರೆಮಣ್ಣು ಬುಟ್ಟಿಯಲ್ಲಿ ಹೊತ್ತು ತಂದು, ಕಟ್ಟೆಯ ಬುಡದಲ್ಲಿ ಕಾಲುವೆ ತೋಡಿ ಮಣ್ಣು ತುಂಬಿ ತುಳಿದೆವು. ಮುಳ್ಳಿನ ಮೇಲೆ ತುಳಿದು ಅತ್ತೆಯ ಕಾಲು ಬಾತುಕೊಂಡಿತು. ಒಳಗೆ ಒಂದು ಮೂಲೆಯಲ್ಲಿ ಬಾವಿಯ ಹಾಗೆ ಗುಂಡಿ ಮಾಡಿ, ಒಸರಿದ ನೀರನ್ನೆಲ್ಲ ಅಲ್ಲಿಗೆ ಎಳೆದು, ಕೊಡದಲ್ಲಿ ಮೊಗೆದು ಹೊರಗೆ ಸುರಿದೆವು. ಯಾವ ಕೊಡದಲ್ಲಿ ನೀರು ಹೊತ್ತು ಬೆಳೆಸಿದೆವೋ ಅದೇ ಕೊಡದಿಂದ ಈಗ ನೀರು ಹೊರಗೆ ಹಾಕುವುದಾಯಿತು. ಮೊಗೆದಷ್ಟೂ ಬರುತ್ತಿತ್ತು. ಮರಳಲ್ಲವೇ, ಅದಕ್ಕೆ ತಳವೆಲ್ಲಿ.

ನನ್ನ ಗಂಡ ದಂಡೆಯ ಮೇಲೆ ನಿಂತು ನೋಡಿ, "ಕೊಡಪಾನ ತಗಂಡು ಹಳ್ಳ ಖಾಲಿ ಮಾಡ್ತೀರೇನು?" ಅಂದ. ಆಮೇಲೆ ಅವನೂ ಇಳಿದು ಒಂದು ಬುಟ್ಟಿ ಮಣ್ಣು ಹೊತ್ತ. ಅವನಿಗೆ ಆ ವಾರವಷ್ಟೇ ಮೇಲಿನ ಊರಿನ ಗದ್ದೆಯಲ್ಲಿ ಕೆಲಸ ಸಿಕ್ಕಿತ್ತು. ಕೂಲಿಯ ಜೊತೆ ಒಂದು ಸೇರು ಅಕ್ಕಿ ತಂದಿದ್ದ. ಅನ್ನ ಉಂಡು ಬಂದೇ ನಾನು ಆ ಕಟ್ಟೆ ಕಟ್ಟುತ್ತಿದ್ದೆ. ನಾಲೆ ಬ್ಯಾಡ ಅಂದವಳಲ್ಲ ನಾನು. ಇವತ್ತಿಗೂ ಅನ್ನುವುದಿಲ್ಲ.

ಹೋಳಿ ಹತ್ತಿರ ಬಂತು. ನಮ್ಮ ಮಿಕ್ಕ ಗುಣಿಗಳಲ್ಲಿ ಅರ್ಧ ಬಲಿತ ಕಾಯಿಗಳಿದ್ದವು. ಕೊಳೆಯುವುದಕ್ಕಿಂತ ಮಾರುವುದು ಮೇಲೆಂದು ಕುಯ್ದು ಗಾಡಿಯಲ್ಲಿ ತುಂಬಿಕೊಂಡು ದಾವಣಗೆರೆಗೆ ಹೋದೆವು. ನನಗೆ ಇನ್ನೊಂದು ಯೋಚನೆಯೂ ಇತ್ತು. ಕಡರನಾಯಕನಹಳ್ಳಿಯ ನಮ್ಮ ಸಂಬಂಧಿಕರಲ್ಲಿ ಆಗಲೇ ಬೀಜ ಕೇಳಿಯಾಗಿತ್ತು. ಅವರ ಕಡೆ ಬೇರೆ ಜಾತಿಯ ಹಣ್ಣು. ನಮ್ಮ ಹಣ್ಣನ್ನು ಪ್ರತಿ ವರ್ಷ ಕೊಳ್ಳುತ್ತಿದ್ದ ಅಲ್ಲಿನ ಮಂಡಿ ಸಾಹೇಬರ ಬಳಿ ಬೀಜ ಸಿಗಬಹುದೇನೋ ಎಂದುಕೊಂಡೆ.

ನಮ್ಮ ಹಣ್ಣು ಸಣ್ಣದು, ಮೈಮೇಲೆ ಬಲೆ ಹಾಕಿದ ಹಾಗೆ ಗೆರೆ, ಒಳಗೆ ತಿಳಿಹಸಿರು. ನೋಡಲು ಏನೂ ಅಲ್ಲ. ಒಂದು ಹಣ್ಣು ಮನೆಯಲ್ಲಿಟ್ಟರೆ ಪಕ್ಕದ ಮನೆಯವರು ಬಂದು ಕೇಳುವಷ್ಟು ವಾಸನೆ. ಸಾಹೇಬರು ಗಾಡಿಯಿಂದ ಒಂದು ಕಾಯಿ ಎತ್ತಿ, ತೊಟ್ಟಿನ ಹತ್ತಿರ ಹೆಬ್ಬೆರಳು ಒತ್ತಿ, ಮೂಗಿಗೆ ಹಿಡಿದು ಕೆಳಗಿಟ್ಟರು.

"ಏನಮ್ಮಾ ಇದು? ನಿಮ್ಮ ಹಳ್ಳದ ಮಾಲ್ ಅಂತ ಕಣ್ಣು ಮುಚ್ಚಿ ತಗೋತಿದ್ದೆ. ಇದು ಸೌತೇಕಾಯಿ."

"ನೀರು ಬಂದೈತೆ ಸಾಹೇಬ್ರೆ. ಹಣ್ಣಾಗಾಕೆ ಬಿಡಲಿಲ್ಲ."

ನಡೆದದ್ದೆಲ್ಲ ಹೇಳಿ, ಬೀಜದ ವಿಷಯ ಕೇಳಿದೆ. ಅವರು ನಗಲು ಶುರುಮಾಡಿ, ನನ್ನ ಮುಖ ನೋಡಿ ನಿಲ್ಲಿಸಿದರು. "ಹಣ್ಣು ತಿಂದೋರು ಬೀಜ ಉಗುಳ್ತಾರೆ ತಾಯಿ, ಜೋಪಾನ ಮಾಡ್ತಾರೇನು? ಈ ಪೇಟೆ ಗಟಾರದಾಗೆ ಎಷ್ಟು ವರ್ಷದ್ದು ಹೋಗೈತೋ ಏನೋ." ಕೆಳಗಿಟ್ಟ ಕಾಯಿಯ ಕಡೆ ನೋಡಿ, "ಒಂದು ಹಣ್ಣು ಆದ್ರೂ ತಗಂಡು ಬರ್ರಿ. ನನಗೆ ವಾಸನಿ ನೋಡಾಕಾದ್ರೂ ಬೇಕು" ಅಂದರು. ಕಾಯಿಗಳನ್ನು ಬೇಕಾಗದಿದ್ದರೂ ಇಳಿಸಿಕೊಂಡರು. ಪಲ್ಯಕ್ಕೆ ಹೋಗುತ್ತವೆ ಅಂದರು.

ಊರಿಗೆ ಬರುವಷ್ಟರಲ್ಲಿ ಹಳ್ಳ ಇನ್ನಷ್ಟು ಏರಿತ್ತು. ನಮ್ಮ ಬೀಜದ ಗುಣಿಯ ಬಳ್ಳಿಯ ತುದಿ ಸೊರಗಿತ್ತು. ಮೊಗೆದು ಮೊಗೆದು ಅತ್ತೆಯ ಅಂಗೈ ಸುಲಿದಿತ್ತು. ಅಕ್ಕನ ಕಡೆಯ ಗುಣಿ ಒಂದು ಬಂಡೆಯ ಹಿಂದಿನ ದಿಬ್ಬದಲ್ಲಿತ್ತು. ಅದಿನ್ನೂ ಹಸಿರಾಗಿತ್ತು. ಆದರೆ ನಮ್ಮ ಕಟ್ಟೆಗೆ ತಾಗಿದ ನೀರು ತಿರುಗಿ ಅವರ ಕಡೆಗೆ ಹೊಡೆದು, ದಿಬ್ಬದ ಬುಡವನ್ನು ತಿನ್ನುತ್ತಿತ್ತು. ನಾನು ನೋಡುತ್ತಾ ನಿಂತೆ. ನಾವು ಕಟ್ಟೆ ಹಾಕಿದಷ್ಟೂ ಅವರದು ಕುಸಿಯುತ್ತದೆ. ನಮ್ಮದಂತೂ ಉಳಿಯುವುದಿಲ್ಲ.

ಅಕ್ಕ ನೀರಿನಲ್ಲೇ ನಡೆದು ಈಚೆಗೆ ಬಂದಳು. ಸೀರೆ ಮೊಣಕಾಲಿನ ಮೇಲೆ ಕಟ್ಟಿದ್ದಳು. ಅವಳು ಏನೂ ಕೇಳಲಿಲ್ಲ. ಕೇಳುವ ಹಾಗೂ ಇರಲಿಲ್ಲ, ಕಟ್ಟಳೆ ಇತ್ತಲ್ಲ. ನಾನೇ ಅತ್ತೆಗೆ ಹೇಳಿದೆ: "ಕಟ್ಟಿ ಒಡೆದು, ನಮ್ಮ ಮರಳಾಗೆ ಕಾಲುವಿ ತೋಡಣ. ಎಳಿ ಈ ಕಡಿ ಬರ್ಲಿ. ಆ ದಿಬ್ಬನಾದ್ರೂ ಉಳೀಲಿ."

ಅತ್ತೆ ಕೊಡ ಕೆಳಗಿಟ್ಟರು. "ಎಳಿಗೆ ಸಲಿಕಿ ಹಾಕು ಅಂತೀಯೇನು ನೀನು? ನಮ್ಮ ಗುಣಿ ನಾವೇ ಮುಳುಗಿಸಣ ಅಂತೀಯಾ?"

"ಮುಳುಗೈತಲ್ಲತ್ತೆ. ನೋಡ್ರಿ ತುದಿ."

"ಇನ್ನೂ ಕಾಯಿ ನಿಂತಾವೆ!"

ದಂಡೆಯ ಮೇಲಿದ್ದ ನಮ್ಮೂರಿನ ಹೆಂಗಸರೂ ಸೇರಿಕೊಂಡರು. ಒಬ್ಬಳು ಅಂದಳು, "ಆಚೆಯೋರ ಬೀಜ ಉಳಿಸಾಕೆ ನಮ್ಮ ಮನಿ ಮುಳುಗಿಸ್ತಾಳಂತೆ, ನೋಡ್ರವ್ವ." ಅಕ್ಕನೇ ಮಾತಾಡಿದಳು. ಯಾವತ್ತೂ ಇಲ್ಲದ ಮೆಲ್ಲಗಿನ ದನಿಯಲ್ಲಿ ಅಂದಳು:

"ದೊಡ್ಡಮ್ಮ, ಆ ದಿಬ್ಬದ ಮ್ಯಾಲಿರೋದು ನಮ್ಮದಲ್ಲ. ಹೋದ ವರ್ಷ ನೀವೇ ನಿಮ್ಮ ಕೈಯಾರೆ ಬೂದಿ ಸವರಿ ನನ್ನ ಉಡಿಗೆ ಹಾಕಿದ್ರಿ. ಅದು ನಿಮ್ಮ ಬೀಜ. ನಾನು ಬೆಳಿಸೀನಿ, ಅಷ್ಟೆ."

ಅತ್ತೆ ನನ್ನ ಕೈಯಿಂದ ಸಲಿಕೆ ತೆಗೆದುಕೊಂಡು, ಬಾತ ಕಾಲಿನಲ್ಲೇ ಇಳಿದು, ಮೊದಲ ಏಟು ತಾವೇ ಹಾಕಿದರು. ನಾವು ಮೂವರೂ ಕಟ್ಟೆಯ ಎರಡು ಕಡೆ ಒಡೆದು, ನಡುವೆ ಕಾಲುವೆ ತೋಡಿದೆವು. ನೀರು ಮೊದಲು ಅನುಮಾನಿಸಿ ನಿಂತಿತು, ಆಮೇಲೆ ಒಮ್ಮೆಲೆ ನುಗ್ಗಿತು. ನಮ್ಮ ಗುಣಿಯ ಬಳ್ಳಿ ಎದ್ದು, ತೇಲಿ, ತಿರುಗಿ ಹೋಯಿತು. ಅತ್ತೆ ನೋಡಲಿಲ್ಲ. ಸಲಿಕೆ ತೊಳೆಯುತ್ತಿದ್ದರು.

ಆಚೆಯ ದಿಬ್ಬದ ಬುಡಕ್ಕೆ ನೀರು ಹೊಡೆಯುವುದು ನಿಂತಿತು.

ಅಲ್ಲಿಂದ ಮುಂದೆ ನಮ್ಮ ಕೆಲಸ ಅಕ್ಕನ ಕಡೆಯೇ. ದಿನಾ ಬೆಳಗ್ಗೆ ನೀರು ದಾಟಿ ಹೋಗುತ್ತಿದ್ದೆ. ದಿಬ್ಬದ ಸುತ್ತ ಮುಳ್ಳು ಒತ್ತುವುದು, ಸಡಿಲವಾದ ಕಡೆ ಎರೆಮಣ್ಣು ಮೆತ್ತುವುದು. ಬಳ್ಳಿಗೆ ಭಾರವಾಗದಿರಲಿ ಎಂದು ಅಕ್ಕ ಒಂದನ್ನು ಬಿಟ್ಟು ಮಿಕ್ಕ ಕಾಯಿಗಳನ್ನೆಲ್ಲ ಕಿತ್ತಳು. ಕೀಳುವಾಗ ಒಂದೊಂದಕ್ಕೂ ಬೈದಳು. ಉಳಿದ ಒಂದರ ಕೆಳಗೆ ನಾನು ಹುಲ್ಲು ಬದಲಿಸುತ್ತಿದ್ದೆ. ಬಲೆ ಬೀಳುವುದನ್ನು ಇಬ್ಬರೂ ಬಗ್ಗಿ ನೋಡುತ್ತಿದ್ದೆವು. ನಮ್ಮೂರಿನ ಹೆಂಗಸರೂ ದಂಡೆಗೆ ಬಂದು, "ಏನಾತು? ಬಣ್ಣ ತಿರುಗ್ತೇನು?" ಎಂದು ಕೂಗಿ ಕೇಳಿ ಹೋಗುತ್ತಿದ್ದರು.

ಯುಗಾದಿಗೆ ಇನ್ನೂ ದಿನ ಇರುವಾಗಲೇ ಬಣ್ಣ ತಿರುಗಿತು. ಬೇಗ ಆಯಿತು ಅನ್ನಿಸಿತು. ಬುಡದ ಎಲೆಗಳು ಬಾಡಿದ್ದವು. ಅಕ್ಕ, "ಬಲಿತ ಬಳ್ಳಿ ಒಣಗಲೇಬೇಕಲ್ಲ" ಅಂದಳು. ಹೌದು, ಒಣಗಲೇಬೇಕು. ಬಲಿತು ಒಣಗಿದ ಬಳ್ಳಿಯ ಕಾಂಡ ಮುಟ್ಟಿದರೆ ಗರಗರ ಅನ್ನುತ್ತದೆ. ಇದು ಮೆತ್ತಗಿತ್ತು. ಕೈಗೆ ಗೊತ್ತಾಗಿತ್ತು, ಮನಸ್ಸು ಒಪ್ಪಲಿಲ್ಲ. ಮಾರನೆಯ ದಿನ ಹಣ್ಣು ತಾನೇ ತೊಟ್ಟು ಕಳಚಿಕೊಂಡಿತ್ತು.

ಅದನ್ನು ಅಕ್ಕ ಉಡಿಯಲ್ಲಿಟ್ಟುಕೊಂಡು ನೀರು ದಾಟಿ ನಮ್ಮ ಕಡೆ ತಂದಳು. ಅತ್ತೆಯ ಮುಂದೆ ಇಟ್ಟಳು. ಕುಡುಗೋಲು ಹಾಕಿದ ಕೂಡಲೇ ವಾಸನೆ ಬಂತು. ಅದೇ ವಾಸನೆ. ಸ್ವಲ್ಪ ತೆಳು, ಆದರೂ ಅದೇ. ದಂಡೆಯಲ್ಲಿದ್ದ ಹೆಂಗಸರು ಇಳಿದು ಬಂದು ಸುತ್ತ ಕೂತರು. ಆವತ್ತು "ನಮ್ಮ ಮನಿ ಮುಳುಗಿಸ್ತಾಳಂತೆ" ಎಂದವಳು ನನ್ನ ಪಕ್ಕದಲ್ಲೇ ಕೂತಿದ್ದಳು. ಅತ್ತೆ ಬೀಜವನ್ನೆಲ್ಲ ತಿರುಳಿನಿಂದ ಬಿಡಿಸಿ, ಮೊಗೆಯುತ್ತಿದ್ದ ಕೊಡಕ್ಕೆ ಹಾಕಿ, ಹಳ್ಳದ ನೀರು ತುಂಬಿದರು. ಬೀಜ ನೋಡುವುದು ಹಾಗೆಯೇ. ಗಟ್ಟಿ ಇದ್ದದ್ದು ತಳ ಸೇರುತ್ತದೆ, ಜೊಳ್ಳು ತೇಲುತ್ತದೆ.

ಎಲ್ಲ ತೇಲಿದವು.

ಅತ್ತೆ ಕೈ ಹಾಕಿ ಒಮ್ಮೆ ಅದುಮಿದರು. ಬೆರಳ ಸಂದಿಯಿಂದ ಮೇಲೆ ಬಂದವು. ಅಕ್ಕ ಒಂದನ್ನು ತೆಗೆದು ಉಗುರಲ್ಲಿ ಸೀಳಿದಳು. ಒಳಗೆ ಏನೂ ಇರಲಿಲ್ಲ, ಬರೀ ಸಿಪ್ಪೆ. ನೀರು ಮೇಲಿನಿಂದ ಬರದಿದ್ದರೂ ಕೆಳಗಿನಿಂದ ಬಂದು ಬೇರು ಕೊಂದಿತ್ತು. ಬಳ್ಳಿ ಸಾಯುವಾಗ ಹಣ್ಣು ಹಳದಿಯಾಗಿತ್ತು, ಅಷ್ಟೆ. ಬಲಿತಿರಲಿಲ್ಲ.

ಯಾರೂ ಅಳಲಿಲ್ಲ. ಸತ್ತದ್ದು ಮನುಷ್ಯರೇನಲ್ಲವಲ್ಲ. ಅತ್ತೆ ಕೇಳಿದರು: "ಅವತ್ತು ಹುರಿದದ್ದು ಎಷ್ಟಿತ್ತೇ?"

"ಬ್ಯಾಡ ದೊಡ್ಡಮ್ಮ" ಅಂದಳು ಅಕ್ಕ.

"ಸುಮ್ನೆ ಕೇಳ್ದೆ."

ಹಣ್ಣನ್ನು ಹೋಳು ಮಾಡಿ ಎಲ್ಲರಿಗೂ ಹಂಚಿದರು. ಸಪ್ಪಗಿತ್ತು. ಒಂದು ಹೋಳನ್ನು ದಾವಣಗೆರೆಯ ಸಾಹೇಬರಿಗೆಂದು ನಾನು ಎತ್ತಿಡಲು ಹೋದೆ. ಕೆಟ್ಟುಹೋಗುತ್ತದೆ ಎಂದು ಅತ್ತೆ ಅದನ್ನೂ ನನ್ನ ಬಾಯಿಗೇ ತುರುಕಿದರು. ಅಕ್ಕ ಕೊಡವನ್ನು ಎತ್ತಿ ಎಳೆಗೆ ಸುರಿದಳು. ಬೀಜಗಳು ಗುಂಪಾಗಿ ತೇಲಿಕೊಂಡು ಹರಿಹರದ ಕಡೆ ಹೋದವು. ಅವಳು ಕೊಡ ನನಗೆ ಕೊಟ್ಟು, ಸೀರೆ ಎತ್ತಿಕಟ್ಟಿ ನೀರಿಗಿಳಿದಳು. ನಡುನೀರಿನಲ್ಲಿ ತಿರುಗಿ ಏನೋ ಅಂದಳು. ಹರಿಯುವ ಸದ್ದಿಗೆ ಕೇಳಿಸಲಿಲ್ಲ. ಹಿಂದಿನ ಬೇಸಿಗೆಗಳಲ್ಲಿ ಆಚೆ ದಂಡೆಯವರು ಪಿಸುಗುಟ್ಟಿದರೂ ನಮಗೆ ಕೇಳುತ್ತಿತ್ತು.

ಆಮೇಲಿನ ಯಾವ ಬೇಸಿಗೆಯಲ್ಲೂ ಮರಳು ಪೂರ್ತಿ ಒಣಗಲಿಲ್ಲ. ಪೇಟೆಯಿಂದ ಬೇರೆ ಬೀಜ ತಂದು ದಂಡೆಯ ಮೇಲೆ ಬಿತ್ತಿದವರಿದ್ದಾರೆ. ದಪ್ಪ ಹಣ್ಣು, ಸಿಹಿಯೂ ಇದೆ. ವಾಸನೆ ಇಲ್ಲ. ಎರಡು ದಂಡೆಯ ಹೆಂಗಸರು ಒಟ್ಟಿಗೆ ಕೂರಲು ಕಾರಣವೂ ಉಳಿಯಲಿಲ್ಲ. ಅಕ್ಕ ತೀರಿಕೊಂಡಾಗ ನನಗೆ ಸುದ್ದಿ ಬಂದದ್ದು ತಡವಾಗಿ. ಹೋಗಿ ಬಂದೆ, ಮಣ್ಣು ಆಗಿಹೋಗಿತ್ತು.

ಬೀಜ ತೇಲಿದ ಮಾರನೆಯ ಬೆಳಗ್ಗೆ ನಾನು ಗಂಡನ ಜೊತೆ ಮೇಲಿನ ಊರಿಗೆ ಭತ್ತದ ಕಳೆ ಕೀಳಲು ಹೋದೆ. ಅದೇ ಮೊದಲ ಸಲ ನಾನು ಗದ್ದೆಯ ಕೆಸರಿಗೆ ಕಾಲಿಟ್ಟಿದ್ದು. ಮಿಕ್ಕ ಹೆಂಗಸರು ಆಗಲೇ ಸಾಲು ಹಿಡಿದಿದ್ದರು. ನನಗೆ ಕೊನೆಯ ಗದ್ದೆ ಬಂತು, ಹಳ್ಳದ ಪಕ್ಕದ್ದು. ಅದರ ಬದು ಒಂದು ಕಡೆ ಕಿತ್ತುಹೋಗಿ, ನೀರು ಸುಮ್ಮನೆ ಹಳ್ಳಕ್ಕೆ ಬೀಳುತ್ತಿತ್ತು. ನಾನು ಎರಡು ಕೈ ತುಂಬ ಕೆಸರು ಎತ್ತಿ ಅಲ್ಲಿಟ್ಟು, ಹಿಮ್ಮಡಿಯಿಂದ ಒತ್ತಿದೆ. ನೀರು ನಿಂತಿತು. ಆಮೇಲೆ ಸಾಲಿಗೆ ಬಂದು ಕಳೆಗೆ ಬಗ್ಗಿದೆ.